ಡೇವಿಡ್ ಗಿಲ್ಮೋರ್ ‘ಲೈವ್ ಅಟ್ ಪಾಂಪೇ’: ಮನೆಯಲ್ಲಿ ಕೂತು ನೋಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಈ ಸಂಗೀತ ಶೋದ ಬ್ಲೂ-ರೇ ಡಿಸ್ಕನ್ನು (ಡಿವಿಡಿಗಿಂತ ಸ್ಪಷ್ಟ ಚಿತ್ರ ಕೊಡುವ ಡಿಸ್ಕ್) ಗೆಳೆಯರಿಗೆ ಕೊಟ್ಟಾಗಲೆಲ್ಲ ಡಿಸ್ಕಿಗಿಂತ ಮೊದಲು ಪ್ರಶ್ನೆಗಳು ವಾಪಸ್ ಬರುತ್ತವೆ. ಕೆಲವು ಸಂಗೀತದ ಬಗ್ಗೆ, ಕೆಲವು ಟಿವಿ ಬಗ್ಗೆ. ಪ್ರತಿ ಸಲ ಫೋನಿನಲ್ಲಿ ಹೇಳಿ ಹೇಳಿ ಸಾಕಾಯಿತು. ಅದಕ್ಕೇ ಒಂದೇ ಕಡೆ ಬರೆದಿಟ್ಟಿದ್ದೇನೆ.

ಇದು ಯಾವ ಶೋ? ಯಾವಾಗ ನಡೆದದ್ದು?

2016ರ ಜುಲೈ 7 ಮತ್ತು 8, ಎರಡು ರಾತ್ರಿ. ಜಾಗ, ಇಟಲಿಯ ನೇಪಲ್ಸ್ ಹತ್ತಿರದ ಪಾಂಪೇ. ಅಲ್ಲಿನ ರೋಮನ್ ಕಾಲದ ಕಲ್ಲಿನ ಆಂಫಿಥಿಯೇಟರ್‌ನಲ್ಲಿ (ದುಂಡಗಿನ ಬಯಲು ರಂಗಮಂದಿರದಲ್ಲಿ) ಇಂಗ್ಲೆಂಡಿನ ರಾಕ್ ತಂಡ ಪಿಂಕ್ ಫ್ಲಾಯ್ಡ್‌ನ ಗಿಟಾರ್ ವಾದಕ, ಹಾಡುಗಾರ ಡೇವಿಡ್ ಗಿಲ್ಮೋರ್ ತಮ್ಮ ಬ್ಯಾಂಡ್ ಕಟ್ಟಿಕೊಂಡು ನುಡಿಸಿದರು. ಆಗ ಅವರಿಗೆ 70 ವರ್ಷ. 2015ರಲ್ಲಿ ಬಂದ ‘ರ‍್ಯಾಟಲ್ ದಟ್ ಲಾಕ್’ ಆಲ್ಬಮ್ಮಿನ ಟೂರ್ ನಡೆಯುತ್ತಿತ್ತು. ನಿರ್ದೇಶಕ ಗ್ಯಾವಿನ್ ಎಲ್ಡರ್ ಇದನ್ನು 4ಕೆಯಲ್ಲಿ ಶೂಟ್ ಮಾಡಿದರು. 2017ರ ಸೆಪ್ಟೆಂಬರ್ 13ರಂದು ಒಂದು ರಾತ್ರಿಯ ಮಟ್ಟಿಗೆ ಥಿಯೇಟರ್‌ಗಳಲ್ಲಿ ತೋರಿಸಿದರು. ಅದೇ ತಿಂಗಳು 29ಕ್ಕೆ ಡಿವಿಡಿ, ಬ್ಲೂ-ರೇ, ಸಿಡಿ, ಎಲ್‌ಪಿ ಎಲ್ಲ ಬಂದವು.

ಪಾಂಪೇ ಅಂದ್ರೆ ಜ್ವಾಲಾಮುಖಿಯಲ್ಲಿ ಮುಚ್ಚಿಹೋದ ಆ ಊರೇನಾ?

ಅದೇ ಊರು. ಕ್ರಿ.ಶ. 79ರಲ್ಲಿ ವೆಸುವಿಯಸ್ ಸಿಡಿದು ಊರಿಗೆ ಊರೇ ಬೂದಿಯಡಿ ಹೋಯಿತು. ಈ ಆಂಫಿಥಿಯೇಟರ್ ಅದಕ್ಕೂ ಸುಮಾರು 150 ವರ್ಷ ಹಳೆಯದು. ಇವತ್ತಿಗೆ ಉಳಿದಿರುವ ಕಲ್ಲಿನ ರೋಮನ್ ಆಂಫಿಥಿಯೇಟರ್‌ಗಳಲ್ಲಿ ಇದೇ ಅತಿ ಹಿರಿಯ. ಆ ಕಾಲದಲ್ಲಿ ಸುಮಾರು 20,000 ಜನ ಕೂರುತ್ತಿದ್ದರಂತೆ. ಕ್ರಿ.ಶ. 59ರಲ್ಲಿ ಇಲ್ಲಿ ಗ್ಲ್ಯಾಡಿಯೇಟರ್ ಎಂಬ ಕಾಳಗಗಾರರ ಪಂದ್ಯ ನೋಡಲು ಬಂದ ಪಕ್ಕದ ಊರಿನವರಿಗೂ ಪಾಂಪೇಯವರಿಗೂ ಹೊಡೆದಾಟವಾಗಿ ಹೆಣ ಬಿದ್ದವು. ರೋಮಿನಿಂದ 10 ವರ್ಷ ಪಂದ್ಯಗಳಿಗೆ ನಿಷೇಧ ಬಂತು. ಶೋಗೆ ಪರ್ಮಿಷನ್ ಸಿಗದ ರಗಳೆ ಇವತ್ತಿನದಲ್ಲ ಅನ್ನಿ.

2016ರಲ್ಲಿ ಒಳಗೆ ಬಿಟ್ಟದ್ದು ರಾತ್ರಿಗೆ ಎರಡೂವರೆ ಸಾವಿರದ ಆಸುಪಾಸು ಜನರನ್ನು ಮಾತ್ರ. ಅವರು ನಿಂತದ್ದು ನಡುವಿನ ನೆಲದಲ್ಲಿ, ಗ್ಲ್ಯಾಡಿಯೇಟರ್‌ಗಳು ಕಾದಾಡುತ್ತಿದ್ದ ಜಾಗದಲ್ಲಿ. ಇದಕ್ಕೇ ಈ ಶೋ ಸ್ಟೇಡಿಯಂ ಶೋಗಳ ಹಾಗೆ ಕಾಣುವುದಿಲ್ಲ. ಯಾರದೋ ಮನೆಯ ದೊಡ್ಡ ಅಂಗಳದಲ್ಲಿ ಮದುವೆ ಚಪ್ಪರ ಹಾಕಿದ ಹಾಗಿದೆ.

ಪಾಂಪೇದು ಹಳೇ ಫಿಲಂ ಒಂದು ಇದೆಯಲ್ಲ, ಅದೂ ಇದೂ ಒಂದೇನಾ?

ಅಲ್ಲ. ಎಲ್ಲರೂ ಎಡವುವುದು ಇಲ್ಲೇ. ಆರ್ಡರ್ ಮಾಡುವಾಗ ಹುಷಾರು.

ಹಳೆಯದು ಪಿಂಕ್ ಫ್ಲಾಯ್ಡ್ ತಂಡದ್ದು. ಅದೇ ಆಂಫಿಥಿಯೇಟರ್‌ನಲ್ಲಿ 1971ರ ಅಕ್ಟೋಬರ್‌ನಲ್ಲಿ ಏಡ್ರಿಯನ್ ಮೇಬನ್ ಶೂಟ್ ಮಾಡಿದ್ದು. ಹೊರಬಂದದ್ದು 1972ರಲ್ಲಿ. ಆಗ ಅಲ್ಲಿ ಪ್ರೇಕ್ಷಕರೇ ಇರಲಿಲ್ಲ! ನಾಲ್ಕು ಜನ ಹುಡುಗರು, ಅವರ ಸ್ಪೀಕರ್‌ಗಳು, ಕ್ಯಾಮೆರಾದವರು, ಸುತ್ತ ಖಾಲಿ ಕಲ್ಲು. ಆ ಫಿಲಂ ಹುಟ್ಟಿದ ಕತೆ ಚೆನ್ನಾಗಿದೆ. ಮೇಬನ್ ಇಟಲಿಗೆ ರಜೆಗೆ ಹೋಗಿದ್ದರು. ಪಾಂಪೇಯಲ್ಲಿ ಎಲ್ಲೋ ಪಾಸ್‌ಪೋರ್ಟ್ ಬಿದ್ದುಹೋಯಿತು. ಹುಡುಕಿಕೊಂಡು ಸಂಜೆಗತ್ತಲಲ್ಲಿ ಒಬ್ಬರೇ ಆ ಆಂಫಿಥಿಯೇಟರ್‌ಗೆ ವಾಪಸ್ ಹೋದರು. ಅಲ್ಲಿನ ಮೌನ, ಹುಳುಗಳ ಸದ್ದು ಕೇಳುತ್ತ ನಿಂತಾಗ ಇಲ್ಲೇ ಫ್ಲಾಯ್ಡ್‌ನವರನ್ನು ಶೂಟ್ ಮಾಡಬೇಕು ಅನ್ನಿಸಿತು.

ಲಂಡನ್‌ನಿಂದ ಲಾರಿಯಲ್ಲಿ ಸಾಮಾನು ಬಂತು. ಬಂದ ಮೇಲೆ ನೋಡಿದರೆ ಸಾಕಷ್ಟು ಕರೆಂಟಿಲ್ಲ. ಊರೊಳಗಿಂದ ಬೀದಿ ಬೀದಿ ದಾಟಿಸಿ ಉದ್ದದ ಕೇಬಲ್ ಎಳೆದರು. ಅಷ್ಟರಲ್ಲಿ ಕೆಲವು ದಿನ ಕೈಬಿಟ್ಟಿದ್ದವು. ಸಿಕ್ಕ ಸಮಯದಲ್ಲಿ ಮೂರು ಹಾಡು ಮುಗಿಸಿ, ಉಳಿದದ್ದನ್ನು ಪ್ಯಾರಿಸ್‌ನ ಸ್ಟುಡಿಯೋದಲ್ಲಿ ತೆಗೆದರು. ಯಾವ ಶಾಟ್ ಎಲ್ಲಿಯದು ಅಂತ ಕಂಡುಹಿಡಿಯಲು ಸುಲಭದ ಉಪಾಯ ಇದೆ: ಕೀಬೋರ್ಡ್ ನುಡಿಸುವ ರಿಚರ್ಡ್ ರೈಟ್ ಗಡ್ಡ ನೋಡಿ. ಗಡ್ಡ ಇದ್ದರೆ ಪಾಂಪೇ, ನುಣ್ಣಗೆ ಬೋಳಿಸಿದ್ದರೆ ಪ್ಯಾರಿಸ್.

ಆ ಹಳೆಯ ಫಿಲಂ ಈಗ ಶುದ್ಧ ಮಾಡಿದ ಪ್ರಿಂಟ್‌ನಲ್ಲಿ ಸಿಗುತ್ತದೆ. 2025ರ ಏಪ್ರಿಲ್‌ನಲ್ಲಿ ಥಿಯೇಟರ್‌ಗಳಿಗೆ ಬಂತು, ಮೇ 2ಕ್ಕೆ ಡಿಸ್ಕ್ ಬಂತು. ಹೊಸ ಸೌಂಡ್ ಮಿಕ್ಸ್ ಸ್ಟೀವನ್ ವಿಲ್ಸನ್ ಅವರದು. ಕವರಿನ ಮೇಲೆ ಪಿಂಕ್ ಫ್ಲಾಯ್ಡ್ ಅಂತ ಇದ್ದರೆ ಹಳೆಯದು, ಡೇವಿಡ್ ಗಿಲ್ಮೋರ್ ಅಂತ ಇದ್ದರೆ ಹೊಸದು.

ನಾನು ಪಿಂಕ್ ಫ್ಲಾಯ್ಡ್ ಕೇಳಿದವನೇ ಅಲ್ಲ. ನನಗೆ ರುಚಿಸುತ್ತಾ?

ರುಚಿಸಬಹುದು, ಸ್ವಲ್ಪ ತಾಳ್ಮೆ ಇದ್ದರೆ. ಗಿಲ್ಮೋರ್ ಗಿಟಾರಿನಲ್ಲಿ ಸ್ಪೀಡ್ ಹುಡುಕಬೇಡಿ. ಒಂದು ಸ್ವರ ಹಿಡಿದರೆ ತಂತಿಯನ್ನು ಬೆರಳಲ್ಲಿ ತಳ್ಳಿ, ಬಾಗಿಸಿ, ಅದು ಕರಗುವವರೆಗೂ ಬಿಡುವುದಿಲ್ಲ. ಗಮಕ ಕೇಳಿ ಬೆಳೆದ ಕಿವಿಗೆ ಇದು ಪರಕೀಯ ಅನ್ನಿಸುವುದಿಲ್ಲ. ನನ್ನ ಸೋದರಮಾವನಿಗೆ ವೀಣೆ ಬಿಟ್ಟರೆ ಬೇರೆ ವಾದ್ಯ ಸೇರದು. ‘ಶೈನ್ ಆನ್ ಯೂ ಕ್ರೇಜಿ ಡೈಮಂಡ್’ ಶುರುವಿನ ನಾಲ್ಕು ಸ್ವರ ಕೇಳಿ “ಇವನಿಗೆ ಅವಸರ ಇಲ್ಲ ಕಣೋ” ಅಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು.

ಎಷ್ಟು ಹಾಡು? ಫ್ಲಾಯ್ಡ್ ಹಾಡುಗಳೂ ಇವೆಯಾ?

ಒಟ್ಟು 21, ಸುಮಾರು ಎರಡೂವರೆ ಗಂಟೆ. ಹೆಚ್ಚುಕಡಿಮೆ ಮೂರರಲ್ಲಿ ಎರಡು ಭಾಗ ಫ್ಲಾಯ್ಡ್ ಕಾಲದವು, ಉಳಿದವು ಗಿಲ್ಮೋರ್ ಅವರ ಸ್ವಂತದ್ದು. ‘ಮನಿ’, ‘ವಿಶ್ ಯೂ ವರ್ ಹಿಯರ್’, ‘ಟೈಮ್’, ‘ಹೈ ಹೋಪ್ಸ್’, ಕೊನೆಗೆ ‘ಕಂಫರ್ಟಬ್ಲಿ ನಂಬ್’. ಜನ ಕೇಳಬಯಸುವುದೆಲ್ಲ ಇದೆ.

ಹೊಸ ಹಾಡು ಬಂದಾಗ ರಿಮೋಟ್ ಎತ್ತಬೇಡಿ. ‘ರ‍್ಯಾಟಲ್ ದಟ್ ಲಾಕ್’ ಶುರುವಾಗುವ ನಾಲ್ಕು ಸ್ವರ ಫ್ರಾನ್ಸಿನ ರೈಲು ನಿಲ್ದಾಣಗಳಲ್ಲಿ ಅನೌನ್ಸ್‌ಮೆಂಟ್‌ಗೆ ಮೊದಲು ಬರುವ ಸದ್ದು. ಗಿಲ್ಮೋರ್ ಒಂದು ನಿಲ್ದಾಣದಲ್ಲಿ ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಬಂದು ಹಾಡು ಕಟ್ಟಿದರು. ‘ಇನ್ ಎನಿ ಟಂಗ್’ ಯುದ್ಧಕ್ಕೆ ಹೋದ ಸೈನಿಕನ ಹಾಡು. ಹಿಂದಿನ ದುಂಡು ಪರದೆಯ ಮೇಲೆ ಆನಿಮೇಷನ್ ಓಡುತ್ತದೆ. ಕೊನೆಯ ಗಿಟಾರ್ ಸೋಲೋ ನನ್ನ ಮಟ್ಟಿಗೆ ಇಡೀ ಡಿಸ್ಕಿನಲ್ಲೇ ಎತ್ತರದ್ದು. ‘ಕಂಫರ್ಟಬ್ಲಿ ನಂಬ್’ಗಿಂತಲೂ. ಬೈಯುವವರು ಬೈಯಿರಿ.

ಹಳೆಯ ಪಾಂಪೇ ಫಿಲಂನಲ್ಲೂ ಇಲ್ಲೂ ಎರಡರಲ್ಲೂ ಇರುವ ಹಾಡು ಒಂದೇ: ‘ಒನ್ ಆಫ್ ದೀಸ್ ಡೇಸ್’. 1971ರಲ್ಲಿ ಈ ಹಾಡಿನ ಬಹುಪಾಲು ಕ್ಯಾಮೆರಾ ಡ್ರಮ್ಮರ್ ನಿಕ್ ಮೇಸನ್ ಮೇಲೇ ಇರುತ್ತದೆ. ನಡುವೆ ಕೈಯಿಂದ ಒಂದು ಕೋಲು ಜಾರಿ ಹಾರಿಹೋಗುತ್ತದೆ. ಇನ್ನೊಂದು ಕೈ ನಿಲ್ಲುವುದಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಹೊಸ ಕೋಲು ಎತ್ತಿಕೊಂಡಿರುತ್ತಾರೆ, ತಾಳ ಕೂದಲಷ್ಟೂ ತಪ್ಪಿರುವುದಿಲ್ಲ. 2016ರ ಆವೃತ್ತಿಯಲ್ಲಿ ಅಂಥ ಅಪಾಯ ಇಲ್ಲ. ಬೆಳಕು, ಬೆಂಕಿ ಜಾಸ್ತಿ, ಬೆವರು ಕಡಿಮೆ.

ಇಷ್ಟು ಹಾಡಲ್ಲಿ ಯಾರನ್ನೋ ನೆನೆಸುತ್ತಿದ್ದಾರೆ ಅನ್ನಿಸಿತು. ಯಾರನ್ನು?

ಸರಿಯಾಗಿ ಹಿಡಿದಿದ್ದೀರಿ. ಇಬ್ಬರನ್ನು.

ಒಬ್ಬರು ಸಿಡ್ ಬ್ಯಾರೆಟ್. ಫ್ಲಾಯ್ಡ್ ಕಟ್ಟಿದವರಲ್ಲಿ ಒಬ್ಬರು, ಮನಸ್ಸಿನ ಆರೋಗ್ಯ ಕೆಟ್ಟು 1968ರಲ್ಲಿ ತಂಡದಿಂದ ಹೊರಗಾದವರು. ಅವರ ಜಾಗ ತುಂಬಲು ಕರೆತಂದ ಗೆಳೆಯನೇ ಗಿಲ್ಮೋರ್. ‘ಶೈನ್ ಆನ್’ ಸಿಡ್ ಬಗ್ಗೆ ಬರೆದ ಹಾಡು. ಸಿಡ್ ತೀರಿಕೊಂಡದ್ದು 2006ರ ಜುಲೈ 7ರಂದು. ಪಾಂಪೇಯ ಮೊದಲ ರಾತ್ರಿಗೆ ಸರಿಯಾಗಿ 10 ವರ್ಷ.

ಇನ್ನೊಬ್ಬರು ಆ ಗಡ್ಡದ ರಿಚರ್ಡ್ ರೈಟ್. 2008ರ ಸೆಪ್ಟೆಂಬರ್‌ನಲ್ಲಿ ಹೋದರು. ಅವರಿಗೆ ದೋಣಿ ಅಂದರೆ ಪ್ರಾಣ. ‘ಎ ಬೋಟ್ ಲೈಸ್ ವೇಟಿಂಗ್’ ಅವರಿಗಾಗಿ ಬರೆದದ್ದು. ಅದು ಗದ್ದಲವೇ ಇಲ್ಲದ ಹಾಡು, ಪಿಯಾನೋ ಮತ್ತು ಒಟ್ಟಿಗೆ ಸೇರುವ ದನಿಗಳು. ಎರಡೂವರೆ ಗಂಟೆಯ ಲೇಸರ್, ಹೊಗೆ, ಪಟಾಕಿಯ ನಡುವೆ ನನಗೆ ಮತ್ತೆ ಮತ್ತೆ ನೆನಪಾಗುವುದು ಈ ಸಣ್ಣ ಹಾಡೇ.

ರೋಜರ್ ವಾಟರ್ಸ್ ಇದ್ದಾರಾ?

ಇಲ್ಲ. ಫ್ಲಾಯ್ಡ್ ತಂಡದ ಹಳೆಯ ಬಾಸ್ ಗಿಟಾರ್ ವಾದಕ ವಾಟರ್ಸ್ ಮತ್ತು ಗಿಲ್ಮೋರ್ ಸಂಬಂಧ ಹಳಸಿ ಎಷ್ಟೋ ಕಾಲವಾಯಿತು. ವಾಟರ್ಸ್ ಅವರನ್ನು ನೋಡಿದ ಪುಣ್ಯ ಬೆಂಗಳೂರಿನವರಿಗೂ ಇದೆ. 2002ರ ಏಪ್ರಿಲ್‌ನಲ್ಲಿ ಅರಮನೆ ಮೈದಾನದಲ್ಲಿ ನುಡಿಸಿದ್ದರು. ಮರುವರ್ಷ ಅಲ್ಲೇ ರೋಲಿಂಗ್ ಸ್ಟೋನ್ಸ್ ತಂಡದವರು ಮಳೆಯಲ್ಲಿ ನುಡಿಸಿದರು. 2007ರಲ್ಲಿ ಐರನ್ ಮೇಡನ್ ತಂಡ. ಆ ಮೈದಾನದ ಕೆಂಪು ಕೆಸರು ಮೆತ್ತಿದ ಶೂ ಇನ್ನೂ ಇಟ್ಟುಕೊಂಡವರು ನನಗೆ ಗೊತ್ತು.

ಹಾಗಾದ್ರೆ ಬ್ಯಾಂಡಿನಲ್ಲಿ ಯಾರಿದ್ದಾರೆ?

ಬಾಸ್ ಗಿಟಾರ್ ಗೈ ಪ್ರಾಟ್, ಇವರು 80ರ ದಶಕದಿಂದ ಜೊತೆಗಿದ್ದಾರೆ. ಎರಡನೇ ಗಿಟಾರ್ ಚೆಸ್ಟರ್ ಕೇಮನ್, ಡ್ರಮ್ಸ್ ಸ್ಟೀವ್ ಡಿಸ್ಟಾನಿಸ್ಲಾವ್. ಕೀಬೋರ್ಡ್ ಇಬ್ಬರದು: ರೋಲಿಂಗ್ ಸ್ಟೋನ್ಸ್ ಜೊತೆ ದಶಕಗಟ್ಟಲೆ ನುಡಿಸಿದ ಚಕ್ ಲೀವೆಲ್, ಮೈಕೆಲ್ ಜಾಕ್ಸನ್ ಜೊತೆ ದುಡಿದ ಗ್ರೆಗ್ ಫಿಲಿಂಗೇನ್ಸ್. ಸ್ಯಾಕ್ಸೊಫೋನ್ ಬ್ರೆಜಿಲ್‌ನ ಹುಡುಗ ಜೊವಾವ್ ಮೆಲ್ಲೋ. ‘ದ ಗ್ರೇಟ್ ಗಿಗ್ ಇನ್ ದ ಸ್ಕೈ’ ಮೂಲದಲ್ಲಿ ಕ್ಲೇರ್ ಟೋರಿ ಒಬ್ಬರೇ ಕೂಗಿ ಅತ್ತ ಹಾಗೆ ಹಾಡಿದ್ದು. ಇಲ್ಲಿ ಹಿಂದೆ ನಿಂತು ದನಿಗೂಡಿಸುವ ಗಾಯಕರು ಮೂವರೂ ಅದನ್ನು ಹಂಚಿಕೊಂಡು, ಬೇರೆಯದೇ ಮೆದು ದಾರಿಯಲ್ಲಿ ಹಾಡುತ್ತಾರೆ.

‘ರನ್ ಲೈಕ್ ಹೆಲ್’ ಬಂದಾಗ ಎಲ್ಲರೂ ಕಪ್ಪು ಕನ್ನಡಕ ಹಾಕಿಕೊಳ್ಳುವುದು ಸ್ಟೈಲಿಗಷ್ಟೇ ಅಲ್ಲ. ಆ ಲೈಟು ನೋಡಿದರೆ ಗೊತ್ತಾಗುತ್ತದೆ.

ಆ ಕಪ್ಪು ಗಿಟಾರಿನ ಕತೆ ಏನು?

ಕಪ್ಪು ಫೆಂಡರ್ ಸ್ಟ್ರ್ಯಾಟೋಕ್ಯಾಸ್ಟರ್. ಅಭಿಮಾನಿಗಳ ಬಾಯಲ್ಲಿ ‘ಬ್ಲ್ಯಾಕ್ ಸ್ಟ್ರ್ಯಾಟ್’. 1970ರಲ್ಲಿ ನ್ಯೂಯಾರ್ಕ್‌ನಲ್ಲಿ ಕೊಂಡದ್ದು. ಎಷ್ಟು ಸಲ ಬಿಚ್ಚಿ, ಕೊರೆದು, ಭಾಗ ಬದಲಿಸಿದ್ದಾರೋ ಲೆಕ್ಕವಿಲ್ಲ. 2019ರ ಜೂನ್‌ನಲ್ಲಿ ಗಿಲ್ಮೋರ್ ತಮ್ಮ 120ಕ್ಕೂ ಹೆಚ್ಚು ಗಿಟಾರುಗಳನ್ನು ಕ್ರಿಸ್ಟೀಸ್ ಹರಾಜಿಗೆ ಹಾಕಿದರು. ಇದೊಂದಕ್ಕೇ 39 ಲಕ್ಷ 75 ಸಾವಿರ ಡಾಲರ್ ಬಂತು, ಆಗ ಗಿಟಾರಿಗೆ ಅದೇ ದಾಖಲೆ. ಒಟ್ಟು 2 ಕೋಟಿ ಡಾಲರ್‌ಗೂ ಜಾಸ್ತಿ ಬಂದ ಹಣವನ್ನು ಪರಿಸರದ ಪರ ಕಾನೂನು ಹೋರಾಟ ಮಾಡುವ ಕ್ಲೈಂಟ್‌ಅರ್ತ್ ಸಂಸ್ಥೆಗೆ ಕೊಟ್ಟುಬಿಟ್ಟರು. ಡಿಸ್ಕ್ ನೋಡುವಾಗ ಇದು ತಲೆಯಲ್ಲಿರಲಿ. ಕ್ಲೋಸ್ಅಪ್‌ನಲ್ಲಿ ಕಾಣುವ ಆ ಗಿಟಾರು ಮೂರು ವರ್ಷದೊಳಗೆ ಅವರ ಕೈಬಿಟ್ಟು ಹೋಗಲಿತ್ತು.

ಡಿವಿಡಿ ತಗೊಳ್ಳಲಾ, ಬ್ಲೂ-ರೇ ತಗೊಳ್ಳಲಾ?

ಪ್ಲೇಯರ್ ಇದ್ದರೆ ಕಣ್ಣು ಮುಚ್ಚಿ ಬ್ಲೂ-ರೇ. ಕಾರಣ ಎರಡು.

ಮೊದಲನೆಯದು ಚಿತ್ರ. ಇಡೀ ಶೋ ರಾತ್ರಿಯದು: ಕತ್ತಲು, ಹೊಗೆ, ನೀಲಿ-ಕೆಂಪು ಬೆಳಕು. ಡಿವಿಡಿಗೆ ಕಷ್ಟವಾಗುವುದೇ ಇಂಥ ದೃಶ್ಯ. ಹೊಗೆಯೊಳಗೆ ಚೌಕ ಚೌಕ ಕಾಣತೊಡಗುತ್ತದೆ. ಬ್ಲೂ-ರೇ 1920×1080, ಡಿವಿಡಿ ಹೆಚ್ಚೆಂದರೆ 720×576. ದೊಡ್ಡ ಟಿವಿಯಲ್ಲಿ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ.

ಎರಡನೆಯದು ಸೌಂಡ್. ಡಿವಿಡಿಯ 5.1 ಸೌಂಡ್ (ಸುತ್ತಲೂ ಇಟ್ಟ ಆರು ಸ್ಪೀಕರ್‌ಗಳಿಗೆ ಹಂಚಿದ್ದು) ಹಿಂಡಿ ಸಣ್ಣ ಮಾಡಿದ್ದು. ಬ್ಲೂ-ರೇಯದು ಏನನ್ನೂ ಕಳೆದುಕೊಳ್ಳದ್ದು.

ಮೂರನೆಯದೂ ಇದೆ ಅನ್ನಿ. ಡಿವಿಡಿಯಲ್ಲಿ ಶೋ ಎರಡು ಡಿಸ್ಕಿಗೆ ಹರಿದುಹೋಗಿದೆ. ನಡುವೆ ಎದ್ದು ಬದಲಿಸಬೇಕು. ನಾನು ಮೊದಲು ಕೊಂಡದ್ದು ಡಿವಿಡಿಯನ್ನೇ. ಎರಡನೇ ಡಿಸ್ಕಿನಲ್ಲಿ ಗೀಚು ಬಿದ್ದಿತ್ತು. ‘ಸಾರೋ’ ಹಾಡಿನಲ್ಲಿ ಗಿಲ್ಮೋರ್ ಬಾಯಿ ತೆರೆದವರು ಹಾಗೇ ನಿಂತುಬಿಡುತ್ತಿದ್ದರು. ಅಂಗಡಿಯವನು “ನಿಮ್ಮ ಪ್ಲೇಯರ್ ಲೆನ್ಸ್ ಕ್ಲೀನ್ ಮಾಡಿಸಿ” ಅಂದ. ಮಾಡಿಸಿದೆ. ಗಿಲ್ಮೋರ್ ಬಾಯಿ ಮುಚ್ಚಲಿಲ್ಲ.

ಡಿಲಕ್ಸ್ ಬಾಕ್ಸ್ ಬೇಕಾ?

ಪಕ್ಕಾ ಅಭಿಮಾನಿಯಾದರೆ ಮಾತ್ರ. ಶೋ ಅದೇ. ಜೊತೆಗೆ ಸಿಡಿಗಳು, ಇನ್ನೊಂದು ಬ್ಲೂ-ರೇ. ಅದರಲ್ಲಿ ದಕ್ಷಿಣ ಅಮೆರಿಕದ ಮತ್ತು ಪೋಲೆಂಡಿನ ವ್ರೊತ್ಸ್ವಾಫ್ ಶೋಗಳ ಹಾಡುಗಳು, ಒಂದು ಬಿಬಿಸಿ ಸಾಕ್ಷ್ಯಚಿತ್ರ. ಪಾಂಪೇ ಅಂದು-ಇಂದು ಹೇಳುವ ಕಿರುಚಿತ್ರ ಸಾದಾ ಬ್ಲೂ-ರೇಯಲ್ಲೂ ಇದೆ. ನನಗೆ ಅದೇ ಸಾಕು.

ಹೊರದೇಶದಿಂದ ತರಿಸಿದರೆ ಇಲ್ಲಿ ಓಡುತ್ತಾ?

ಡಿಸ್ಕುಗಳಿಗೆ ‘ರೀಜನ್’ ಅಂತ ದೇಶವಾರು ಗುರುತು ಇರುತ್ತದೆ, ಅದು ಹೊಂದದಿದ್ದರೆ ಪ್ಲೇಯರ್ ಓಡಿಸದೆ ಇರಬಹುದು. ಭಾರತ ಡಿವಿಡಿಯಲ್ಲಿ ರೀಜನ್ 5, ಬ್ಲೂ-ರೇಯಲ್ಲಿ ರೀಜನ್ ಸಿ. ಸಂಗೀತದ ಡಿಸ್ಕುಗಳಿಗೆ ಸಾಮಾನ್ಯವಾಗಿ ಬೀಗ ಹಾಕಿರುವುದಿಲ್ಲ, ಎಲ್ಲ ಕಡೆ ಓಡುತ್ತವೆ. ಆದರೂ ಕೊಳ್ಳುವ ಮುಂಚೆ ಹಿಂದಿನ ಕವರ್ ನೋಡಿ. ಡಿವಿಡಿಗೆ ಗ್ಲೋಬ್ ಚಿತ್ರದೊಳಗೆ 0 ಅಥವಾ ‘ಆಲ್’, ಬ್ಲೂ-ರೇಗೆ ಎ, ಬಿ, ಸಿ ಮೂರೂ ಇದ್ದರೆ ಚಿಂತೆಯಿಲ್ಲ. ಅಮೆರಿಕದಲ್ಲಿರುವ ಮಗಳು, ಅಳಿಯ ಬರುವಾಗ ತರಿಸುವವರಂತೂ ಇದನ್ನು ವಾಟ್ಸ್ಆ್ಯಪ್‌ನಲ್ಲಿ ಫೋಟೋ ಹಾಕಿಸಿಕೊಂಡೇ “ತಗೋ” ಅನ್ನಿ.

ಸೌಂಡ್‌ಬಾರ್ ಇದೆ, ಆದ್ರೂ ಹಾಡು ಹಿಂದೆ ಸರಿದ ಹಾಗೆ ಕೇಳುತ್ತೆ. ಯಾಕೆ?

ಹತ್ತರಲ್ಲಿ ಎಂಟು ಜನರ ಸಮಸ್ಯೆ ಇದೇ. ಪ್ಲೇಯರ್‌ನಿಂದ ಟಿವಿಗೆ, ಟಿವಿಯಿಂದ ಸೌಂಡ್‌ಬಾರ್‌ಗೆ ಹೋಗುವ ದಾರಿಯಲ್ಲಿ ಎಲ್ಲೋ ಸಿಕ್ಕಿಕೊಂಡಿರುತ್ತದೆ. ಹಳೆಯ ಟಿವಿಗಳಲ್ಲಿ ಸೌಂಡನ್ನು ಹೊರಗೆ ಕಳಿಸುವ ‘ಎಆರ್‌ಸಿ’ ಕಿಂಡಿ ಬ್ಲೂ-ರೇಯ ಪೂರ್ತಿ 5.1 ಸೌಂಡನ್ನು ದಾಟಿಸುವುದಿಲ್ಲ. ‘ಇ-ಎಆರ್‌ಸಿ’ ಇದ್ದರೆ ದಾಟುತ್ತದೆ. ಕೆಲವು ಟಿವಿಗಳಂತೂ ಡಿಟಿಎಸ್ ಎಂಬ ಸೌಂಡ್ ನಮೂನೆಯನ್ನೇ ಒಪ್ಪುವುದಿಲ್ಲ, ಆಗ ಸೌಂಡೇ ಬರುವುದಿಲ್ಲ.

ಸುಲಭದ ಪರಿಹಾರ: ಸೌಂಡ್‌ಬಾರ್‌ನಲ್ಲಿ ಎಚ್‌ಡಿಎಂಐ ಇನ್‌ಪುಟ್ ಇದ್ದರೆ ಪ್ಲೇಯರನ್ನು ನೇರ ಅದಕ್ಕೇ ಚುಚ್ಚಿ, ಅಲ್ಲಿಂದ ಟಿವಿಗೆ ಇನ್ನೊಂದು ವೈರ್ ಕೊಡಿ. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಿಗುವ ಸಾದಾ ಎಚ್‌ಡಿಎಂಐ ಕೇಬಲ್ ಸಾಕು, ಚಿನ್ನದ ಲೇಪನ ಅಂತೆಲ್ಲ ಹೇಳಿದರೆ ನಂಬಬೇಡಿ.

ಅದೂ ಆಗದಿದ್ದರೆ ಡಿಸ್ಕಿನ ಮೆನುವಿನಲ್ಲಿ ಸ್ಟೀರಿಯೊ ಟ್ರ್ಯಾಕ್ ಆರಿಸಿ. ನಾಚಿಕೆ ಏನಿಲ್ಲ. ಎರಡು ಒಳ್ಳೆಯ ಸ್ಪೀಕರ್‌ನಲ್ಲಿ ಸ್ಟೀರಿಯೊ, ಅರ್ಧಂಬರ್ಧ 5.1ಗಿಂತ ಎಷ್ಟೋ ಮೇಲು. ಪ್ಲೇಯರ್‌ನಲ್ಲಿ ‘ನೈಟ್ ಮೋಡ್’ ಆನ್ ಆಗಿದ್ದರೆ ಆಫ್ ಮಾಡಿ. ಅದು ಮೆಲ್ಲಗಿನದನ್ನೂ ಜೋರಿನದನ್ನೂ ಒಂದೇ ಮಟ್ಟಕ್ಕೆ ತರುತ್ತದೆ, ಗಿಲ್ಮೋರ್ ಅವರ ಕೆಲಸವೆಲ್ಲ ಆ ಎರಡರ ನಡುವಿನ ಅಂತರದಲ್ಲೇ ಇರುವುದು.

ಸಬ್‌ವೂಫರ್ (ದಪ್ಪ ಸದ್ದಿನ ಸ್ಪೀಕರ್) ಇದ್ದವರು ಅಡುಗೆಮನೆ ಗೋಡೆಗೆ ಒರಗಿಸಬೇಡಿ. ನಾನು ಮೊದಲ ಸಲ ‘ಒನ್ ಆಫ್ ದೀಸ್ ಡೇಸ್’ ಹಾಕಿದಾಗ ಸ್ಟ್ಯಾಂಡಿನಲ್ಲಿದ್ದ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಗಿಣಿಗಿಣಿ ಅಂದವು. ಒಳಗಿನಿಂದ ಅಮ್ಮ, “ಏನೋ ಅದು, ಈ ಹೊತ್ತಲ್ಲಿ ಗ್ರೈಂಡರ್ ಹಾಕಿದೀಯಾ?” ಅಂದರು.

ಟಿವಿಯಲ್ಲಿ ಚಿತ್ರ ಸೀರಿಯಲ್ ಥರ ಕಾಣುತ್ತಿದೆ…

‘ಮೋಷನ್ ಸ್ಮೂತಿಂಗ್’ ಥರದ ಹೆಸರಿನ ಸೆಟ್ಟಿಂಗ್ ಹುಡುಕಿ ಆಫ್ ಮಾಡಿ. ಪಿಕ್ಚರ್ ಮೋಡ್ ‘ವಿವಿಡ್’ ಬಿಟ್ಟು ‘ಸಿನಿಮಾ’ಗೆ ಹಾಕಿ. ರೂಮಿನ ಟ್ಯೂಬ್‌ಲೈಟ್ ಆರಿಸಿ. ಅಷ್ಟೇ.

ತುಂಡು ತುಂಡು ಇಂಟರ್‌ನೆಟ್‌ನಲ್ಲೇ ಸಿಗುತ್ತಲ್ಲ, ಡಿಸ್ಕ್ ಯಾಕೆ?

ಸಿಗುತ್ತದೆ, ಸುಮ್ನೆ ರುಚಿ ನೋಡಲು ಚೆನ್ನಾಗಿದೆ. ಆದರೆ ಈ ಶೋ ತುಂಡಿನಲ್ಲಿ ಅರ್ಧವೂ ದಕ್ಕುವುದಿಲ್ಲ. ಶುರುವಿನಲ್ಲಿ ಆಕಾಶದಲ್ಲಿ ಇನ್ನೂ ಸ್ವಲ್ಪ ಬೆಳಕಿದೆ, ಕಲ್ಲುಗಳ ಬಣ್ಣ ಕಾಣುತ್ತದೆ. ಹಾಡಿನಿಂದ ಹಾಡಿಗೆ ಕತ್ತಲಾಗುತ್ತ ಹೋಗುತ್ತದೆ. ಕೊನೆಗೆ ‘ಕಂಫರ್ಟಬ್ಲಿ ನಂಬ್’ ಹೊತ್ತಿಗೆ ಗಟ್ಟಿ ರಾತ್ರಿ. ಲೇಸರ್ ಬೀಸಣಿಗೆಯ ಹಾಗೆ ಬಿಚ್ಚಿಕೊಂಡು ಆ ದುಂಡು ಗೋಡೆಯ ಮೇಲೆಲ್ಲ ಹರಡುತ್ತದೆ. ಸಂಜೆಯಿಂದ ರಾತ್ರಿಗೆ ಹೋಗುವ ಆ ದಾರಿ ಐದು ನಿಮಿಷದ ತುಂಡಿನಲ್ಲಿ ಎಲ್ಲಿ ಸಿಗಬೇಕು?

ವಯಸ್ಸಾಗಿದೆ, ದನಿ ಹೇಗಿದೆ?

ಮೇಲಿನ ಸ್ವರಗಳಿಗೆ ಕಷ್ಟಪಡುವುದು ಗೊತ್ತಾಗುತ್ತದೆ. ‘ಫ್ಯಾಟ್ ಓಲ್ಡ್ ಸನ್’ 1970ರ ಹಾಡು, ಆಗ ಹುಡುಗನ ದನಿ, ಈಗ ಅಜ್ಜನದು. ಆ ಹಾಡಿಗೆ ಅಜ್ಜನ ದನಿಯೇ ಒಗ್ಗುತ್ತದೆ ಅಂತ ನನ್ನ ಅನಿಸಿಕೆ. ಕೈಗೆ ಮಾತ್ರ ವಯಸ್ಸಾಗಿಲ್ಲ.

ದೋಷವೇ ಇಲ್ವಾ?

ಇದೆ. ಎಡಿಟಿಂಗ್ ಅವಸರದ್ದು. ಗಿಲ್ಮೋರ್ ಒಂದು ಸ್ವರವನ್ನು ಎಳೆಯುವಷ್ಟರಲ್ಲಿ ಕ್ಯಾಮೆರಾ ಮೂರು ಸಲ ಬದಲಾಗಿರುತ್ತದೆ. ಮೇಲಿನಿಂದ ತೆಗೆದ ಶಾಟ್‌ಗಳು ಮೊದಲ ನಾಲ್ಕು ಸಲ ಬೆರಗು, ಆಮೇಲೆ ಟೂರಿಸಂ ಜಾಹೀರಾತು. 1971ರ ಫಿಲಂನಲ್ಲಿ ಮೇಬನ್ ಕ್ಯಾಮೆರಾವನ್ನು ಸ್ಪೀಕರ್‌ಗಳ ಬೆನ್ನ ಹಿಂದೆ ಹಳಿಯ ಮೇಲೆ ನಿಧಾನಕ್ಕೆ ಓಡಿಸುತ್ತಾರೆ. ಆ ನಿಧಾನ ಇಲ್ಲಿ ಬೇಕಿತ್ತು.

ಡಿಸ್ಕ್ ಹಾಳಾಗದ ಹಾಗೆ ಹೇಗೆ ಇಡೋದು?

ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ, ಬಿಸಿಲು ಬೀಳದ ಕಡೆ. ಒರೆಸುವಾಗ ಮೆತ್ತನೆ ಬಟ್ಟೆಯಲ್ಲಿ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ದುಂಡಗೆ ತಿರುಗಿಸಬೇಡಿ. ಮಂಗಳೂರು, ಉಡುಪಿ ಕಡೆಯವರು ಮಳೆಗಾಲದಲ್ಲಿ ಕವರಿನೊಳಗೆ ಬೂಷ್ಟು ಹಿಡಿಯದ ಹಾಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟುಕೊಳ್ಳಿ.

ಹಳೆಯದು, ಹೊಸದು, ಯಾವುದು ಮೊದಲು ನೋಡಲಿ? ಫ್ಲಾಯ್ಡ್‌ನ ‘ಎಕೋಸ್’ ಹಾಡು ಹೊಸದರಲ್ಲಿ ಯಾಕೆ ಇಲ್ಲ?

ಎರಡು ಪ್ರಶ್ನೆಗೂ ಉತ್ತರ ಒಂದೇ ಕಡೆ ಇದೆ.

1971ರ ಫಿಲಂ ಮೊದಲು ನೋಡಿ. ‘ಎಕೋಸ್’ ಹಾಡನ್ನು ಎರಡು ಭಾಗ ಮಾಡಿ, ಒಂದನ್ನು ಶುರುವಿಗೂ ಒಂದನ್ನು ಕೊನೆಗೂ ಇಟ್ಟಿದ್ದಾರೆ. ಅದರಲ್ಲಿ 25 ವರ್ಷದ ಗಿಲ್ಮೋರ್ ಮತ್ತು ರೈಟ್ ಜೊತೆಯಾಗಿ ಹಾಡುತ್ತಾರೆ. ಯಾವ ದನಿ ಯಾರದು ಅಂತ ಬಿಡಿಸಲು ಆಗುವುದಿಲ್ಲ. ಆಮೇಲೆ ಗಿಲ್ಮೋರ್ ಅವರ ‘ಲೈವ್ ಇನ್ ಗ್ದಾನ್ಸ್ಕ್’ ಹುಡುಕಿ, 2006ರ ಆಗಸ್ಟ್‌ನಲ್ಲಿ ಪೋಲೆಂಡಿನ ಹಡಗುಕಟ್ಟೆಯಲ್ಲಿ ನಡೆದ ಶೋ. ಅಲ್ಲಿ ಇಬ್ಬರೂ ಅದೇ ಹಾಡನ್ನು 60ರ ವಯಸ್ಸಿನಲ್ಲಿ ನುಡಿಸಿದ್ದಾರೆ. ಆ ಡಿಸ್ಕ್ ಅಂಗಡಿಗೆ ಬರುವ ಒಂದು ವಾರ ಮೊದಲು ರೈಟ್ ಹೋಗಿದ್ದರು. ಅವರಿಲ್ಲದೆ ‘ಎಕೋಸ್’ ನುಡಿಸುವುದಿಲ್ಲ ಅಂತ ಗಿಲ್ಮೋರ್ ಆಮೇಲೆ ಹೇಳಿದ್ದಾರೆ. ಹಾಗಾಗಿ 2016ರಲ್ಲಿ, ಆ ಹಾಡನ್ನು ಹಿಂದೆ ನುಡಿಸಿದ್ದ ಜಾಗದಲ್ಲೇ ನಿಂತಿದ್ದರೂ, ಅದನ್ನು ಮುಟ್ಟಲಿಲ್ಲ.

ಕೊನೆಗೆ 2016ರದ್ದು ಹಾಕಿ. ಆಮೇಲೂ ಹಸಿವಿದ್ದರೆ 2024ರಲ್ಲಿ ರೋಮಿನ ಸರ್ಕಸ್ ಮ್ಯಾಕ್ಸಿಮಸ್‌ನಲ್ಲಿ ನಡೆದ ಶೋ 2025ರ ಅಕ್ಟೋಬರ್‌ನಿಂದ ಡಿಸ್ಕಿನಲ್ಲಿ ಸಿಗುತ್ತಿದೆ. ಅದರಲ್ಲಿ ಮಗಳು ರೋಮನಿ ಹಾರ್ಪ್ ಎಂಬ ತಂತಿವಾದ್ಯ ಹಿಡಿದು ಅಪ್ಪನ ಜೊತೆಗಿದ್ದಾಳೆ. ಮೊದಲ ಮೂರಕ್ಕೆ ಒಂದು ಭಾನುವಾರ ಸಾಕು, ನಡುವೆ ಊಟಕ್ಕೆ ಎದ್ದರೂ.